ಸಾಮ್ರಾಜ್ಯವೊಂದರ ಕೊನೆಯ ದಂಡಯಾತ್ರೆ

ಸಾಮ್ರಾಜ್ಯಗಳ ಉದಯವನ್ನು ಹಾಡಲು ಆಸ್ಥಾನಕವಿಗಳಿಗೆ ಎಂದೂ ಬರವಿಲ್ಲ. ಅವುಗಳ ಅವಸಾನದ ಗುರುತನ್ನು ಮೈಮೇಲೆ ಹೊತ್ತು ಬದುಕುವವರು ಬಹುಪಾಲು ಪದಾತಿಗಳು. ಇಪ್ಪತ್ತನೆಯ ಶತಮಾನದ ಭೂಪಟದಲ್ಲಿ ಆರನೆಯ ಒಂದು ಭಾಗದಷ್ಟು ನೆಲವನ್ನು ಆವರಿಸಿಕೊಂಡಿದ್ದ ಸೋವಿಯತ್ ಒಕ್ಕೂಟದ ವೈಭವವನ್ನು ಬಲ್ಲ ಹಿರಿಯರು ನಮ್ಮ ನಡುವೆ ಇಂದಿಗೂ ಇದ್ದಾರೆ. ನವಕರ್ನಾಟಕ ಪ್ರಕಾಶನದ ಮಳಿಗೆಗಳಲ್ಲಿ ಅಗ್ಗದ ಬೆಲೆಗೆ ದೊರೆಯುತ್ತಿದ್ದ ಸೋವಿಯತ್ ಗ್ರಂಥಗಳನ್ನು ಓದಿ, 'ಸೋವಿಯತ್ ಲ್ಯಾಂಡ್' ಪತ್ರಿಕೆಯ ನುಣುಪು ಹಾಳೆಗಳಿಂದ ಶಾಲೆಯ ಪುಸ್ತಕಗಳಿಗೆ ರಟ್ಟು ಹಾಕಿ ಬೆಳೆದ ಆ ಪೀಳಿಗೆಗೆ, ವಿದ್ಯುತ್ತೇ ಕ್ರಾಂತಿಯ ಪ್ರಾಣವೆಂದು ಸಾರಿದ ಲೆನಿನ್ ಅಪರಿಚಿತನಲ್ಲ, 1961ರಲ್ಲಿ ಅಂತರಿಕ್ಷವನ್ನು ಮುಟ್ಟಿ ಬಂದ ಗಗಾರಿನ್ ಅಪರಿಚಿತನಲ್ಲ. ಅದೇ ಮಹತ್ವಾಕಾಂಕ್ಷೆ 1954ರಲ್ಲಿ ಓಬ್ನಿನ್‌ಸ್ಕ್ ಎಂಬಲ್ಲಿ ಪರಮಾಣುವಿನಿಂದ ವಿದ್ಯುತ್ತನ್ನು ಪಡೆದು ಜನೋಪಯೋಗಿ ಜಾಲಕ್ಕೆ ಹರಿಸಿತು. ಅದೇ ಮಹತ್ವಾಕಾಂಕ್ಷೆ ಉಕ್ರೇನಿನ ಉತ್ತರದ ಜೌಗುನೆಲದಲ್ಲಿ, ಪ್ರಿಪ್ಯಾತ್ ನದಿಯ ದಂಡೆಯ ಮೇಲೆ, ಚೆರ್ನೋಬಿಲ್ ಬಳಿ, ಲೆನಿನ್‌ನ ಹೆಸರನ್ನೇ ಹೊತ್ತ ಮಹಾಸ್ಥಾವರವನ್ನು ಕಟ್ಟಿತು. 1970ರಲ್ಲಿ ನದಿಯ ಹೆಸರಿನಲ್ಲೇ ಒಂದು ನಗರ ತಲೆಯೆತ್ತಿತು. 1977ರಿಂದ 1983ರೊಳಗೆ, ತಲಾ ಸಾವಿರ ಮೆಗಾವಾಟ್ ಸಾಮರ್ಥ್ಯದ ನಾಲ್ಕು ಘಟಕಗಳು ಒಂದಾದ ಮೇಲೊಂದು ಚಾಲನೆಗೊಂಡವು. ಐದನೆಯದೂ ಆರನೆಯದೂ ನಿರ್ಮಾಣದಲ್ಲಿದ್ದವು. ವಿಧಿಯ ಸಂಚು ಕಣ್ಣಿಗೆ ಬೀಳದಿರುವುದೂ ಇಂಥ ಸಮೃದ್ಧಿಯ ನಡುವೆಯೇ.

1986ರ ಏಪ್ರಿಲ್ 26ರ ನಡುರಾತ್ರಿ ಒಂದು ಗಂಟೆ ಇಪ್ಪತ್ತಮೂರು ನಿಮಿಷಕ್ಕೆ, ಸುರಕ್ಷತೆಯ ಪರೀಕ್ಷೆಯೊಂದನ್ನು ನಡೆಸುತ್ತಿದ್ದಾಗಲೇ, ನಾಲ್ಕನೆಯ ಘಟಕ ಸಿಡಿಯಿತು. ರಿಯಾಕ್ಟರನ್ನು ನಿಲ್ಲಿಸಲೆಂದು ಒತ್ತಿದ ಗುಂಡಿಯೇ, ಆ ವಿನ್ಯಾಸದ ದೋಷದಿಂದಾಗಿ, ಕ್ಷಣಕಾಲ ಅದರ ಶಕ್ತಿಯನ್ನು ಉಲ್ಬಣಗೊಳಿಸಿತು. ದೋಷ ಮೊದಲೇ ಗೊತ್ತಿದ್ದವರು ರಿಯಾಕ್ಟರ್ ನಡೆಸುವವರಿಗೆ ಅದನ್ನು ಹೇಳಿರಲಿಲ್ಲ. ಲೆಫ್ಟಿನೆಂಟ್ ವ್ಲಾದಿಮಿರ್ ಪ್ರಾವಿಕ್‌ನ ಅಗ್ನಿಶಾಮಕ ದಳ ಕೆಲವೇ ನಿಮಿಷಗಳಲ್ಲಿ ಅಲ್ಲಿಗೆ ಧಾವಿಸಿತು; ಬೆನ್ನಿಗೇ ವಿಕ್ತರ್ ಕಿಬೆನೊಕ್‌ನ ನೇತೃತ್ವದಲ್ಲಿ ಪ್ರಿಪ್ಯಾತ್ ನಗರದ ದಳ; ರಜೆಯಲ್ಲಿದ್ದ ಮೇಜರ್ ಲಿಯೊನಿದ್ ತೆಲ್ಯಾತ್ನಿಕೊವ್ ಸುದ್ದಿ ತಿಳಿದು ತಾನೇ ಬಂದು ಹೊಣೆ ಹೊತ್ತ. ಡಾಂಬರು ಹೊದಿಸಿದ ಛಾವಣಿಗಳು ಉರಿಯುತ್ತಿದ್ದವು. ರಿಯಾಕ್ಟರಿನ ಗರ್ಭದಿಂದ ಸಿಡಿದ ಗ್ರಾಫೈಟ್ ತುಂಡುಗಳು ಕಾಲಡಿಯಲ್ಲಿ ಚೆಲ್ಲಿದ್ದವು. ಬೆಂಕಿ ಮೂರನೆಯ ಘಟಕಕ್ಕೆ ಹಬ್ಬದಂತೆ ಅವರು ತಡೆದರು, ಮುಂಜಾವಿಗೆ ಮುಂಚೆಯೇ ವಾಂತಿ ಮಾಡಿಕೊಳ್ಳುತ್ತ ಒಬ್ಬೊಬ್ಬರಾಗಿ ಕುಸಿದರು. ಅವರನ್ನು ಮಾಸ್ಕೋದ ಆರನೆಯ ಆಸ್ಪತ್ರೆಗೆ ವಿಮಾನದಲ್ಲಿ ಒಯ್ದರು. ವಿಕಿರಣ ವೈದ್ಯಕೀಯದಲ್ಲಿ ಮೂರು ದಶಕಗಳ ಅನುಭವವಿದ್ದ ಅಂಜೆಲಿನಾ ಗುಸ್ಕೋವಾ ಅಲ್ಲಿ ಅವರ ಆರೈಕೆಯ ಹೊಣೆ ಹೊತ್ತರು. ಸ್ಥಾವರದ ಸಿಬ್ಬಂದಿಯೂ ಅಗ್ನಿಶಾಮಕರೂ ಸೇರಿ 134 ಮಂದಿಯಲ್ಲಿ ತೀವ್ರ ವಿಕಿರಣ ರೋಗ ದೃಢಪಟ್ಟಿತು. ಅವರಲ್ಲಿ 28 ಮಂದಿ ಅದೇ ವರ್ಷ ಅಸುನೀಗಿದರು. ಪ್ರಾವಿಕ್ ಮತ್ತು ಕಿಬೆನೊಕ್ ಇಬ್ಬರೂ ಮೇ 11ರಂದು, ಇಪ್ಪತ್ತಮೂರರ ಹರೆಯದಲ್ಲಿ, ಕಣ್ಣು ಮುಚ್ಚಿದರು. ಮಾಸ್ಕೋದ ಮಿತಿನೋ ಸ್ಮಶಾನದಲ್ಲಿ ಕಾಂಕ್ರೀಟಿನಡಿ ಅವರ ಸಮಾಧಿಗಳಿವೆ. ಜಗತ್ತು ಬಲ್ಲ ಚೆರ್ನೋಬಿಲ್ ಇಷ್ಟೇ. ಈ ಕಥನದ ಭಾರವಿರುವುದು ಸತ್ತವರ ಮೇಲಲ್ಲ, ಸಾಯದೆ ಮನೆಗೆ ಮರಳಿದವರ ಮೇಲೆ.

ಅರಸೊತ್ತಿಗೆಗಳ ಕಾಲದಲ್ಲಿ ದಂಡು ಕೂಡಿಸುವುದಕ್ಕೆ ತಿಂಗಳುಗಳು ಬೇಕಾಗುತ್ತಿದ್ದವು. ಮಾಸ್ಕೋದ ಆಜ್ಞೆಗೆ ಗಂಟೆಗಳು ಸಾಕಾದವು. ಬೊರಿಸ್ ಷೆರ್ಬಿನಾನ ಅಧ್ಯಕ್ಷತೆಯ ಸರ್ಕಾರಿ ಆಯೋಗ ಅದೇ ಸಂಜೆ ಪ್ರಿಪ್ಯಾತ್ ಸೇರಿತು. ರಸಾಯನಶಾಸ್ತ್ರಜ್ಞ ವಲೇರಿ ಲೆಗಾಸೊವ್ ಜೊತೆಗಿದ್ದ. ಮರುದಿನ ಮಧ್ಯಾಹ್ನ ಸಾವಿರಕ್ಕೂ ಹೆಚ್ಚು ಬಸ್ಸುಗಳು ಸಾಲುಗಟ್ಟಿ ಬಂದು, ಸುಮಾರು 49 ಸಾವಿರ ಜನರ ಆ ನಗರವನ್ನು ಕೆಲವೇ ಗಂಟೆಗಳಲ್ಲಿ ಬರಿದು ಮಾಡಿದವು. ಜನರಲ್ ನಿಕೊಲಾಯ್ ಅಂತೋಷ್ಕಿನ್‌ನ ಹೆಲಿಕಾಪ್ಟರ್‌ಗಳು ಉರಿಯುವ ಗರ್ಭದ ಮೇಲೆ ಹಾರಿ ಮರಳು, ಬೋರಾನ್, ಸೀಸ, ಜೇಡಿಮಣ್ಣುಗಳನ್ನು ಸುರಿದವು. ಒಟ್ಟು ಭಾರ ಐದು ಸಾವಿರ ಟನ್ನುಗಳಷ್ಟು. ತೂಲಾ ಮತ್ತು ದೊನ್ಬಾಸ್ ಗಣಿಗಳಿಂದ ಬಂದ ಕಾರ್ಮಿಕರು ರಿಯಾಕ್ಟರಿನ ಅಡಿಗೆ ಸುರಂಗ ಕೊರೆದರು. ಒಳಗಿನ ಬೇಗೆ ತಾಳಲಾರದೆ ಬರಿಮೈಯಲ್ಲಿ ದುಡಿದರು. ಕರಗಿದ ಇಂಧನ ಅಂತರ್ಜಲಕ್ಕೆ ಇಳಿಯದಿರಲೆಂದು ಕಟ್ಟಿದ ಆ ತಳಹದಿ ಕೊನೆಗೆ ಉಪಯೋಗಕ್ಕೇ ಬರಲಿಲ್ಲ. ಮಿಲಿಟರಿ ಮೀಸಲು ಪಡೆಯ ಮೂವತ್ತು, ನಲವತ್ತರ ಪ್ರಾಯದ ಗೃಹಸ್ಥರನ್ನು ಕಾರ್ಖಾನೆಗಳಿಂದ, ಹೊಲಗಳಿಂದ ಕರೆಸಿಕೊಂಡರು. ಅವರನ್ನು ಸೈನ್ಯದವರು 'ಪಾರ್ಟಿಸಾನ್'ಗಳೆಂದು ಕರೆದರು. ಅಡುಗೆಯ ಹೆಂಗಸರು, ಬಟ್ಟೆ ಒಗೆಯುವವರು, ಲಾರಿ ಚಾಲಕರು, ದಾದಿಯರು, ಮಾಪಕ ಹಿಡಿದ ವಿದ್ಯಾರ್ಥಿಗಳು, ಎಲ್ಲರೂ ಈ ದಂಡಿನವರೇ. ಸರ್ಕಾರಿ ಕಡತಗಳಲ್ಲಿ ಅವರಿಗೆ 'ಲಿಕ್ವಿಡೇಟರ್'ಗಳೆಂಬ ಹೆಸರಾಯಿತು. ಮುಂದಿನ ನಾಲ್ಕು ವರ್ಷಗಳಲ್ಲಿ ದುಡಿದು ಆ ಹೆಸರಿನ ಪ್ರಮಾಣಪತ್ರ ಪಡೆದವರು ಸುಮಾರು ಆರು ಲಕ್ಷ ಮಂದಿ. ಇಷ್ಟೆಲ್ಲ ಸನ್ನಾಹ ನಡೆದಿರುವಾಗಲೂ ಕೀವ್ ನಗರದಲ್ಲಿ ಮೇ ದಿನದ ಮೆರವಣಿಗೆ ತಪ್ಪಲಿಲ್ಲ. ಸೋವಿಯತ್ ನಾಯಕ ಗೋರ್ಬಚೆವ್ ದೂರದರ್ಶನದಲ್ಲಿ ಜನರೆದುರು ಬಾಯಿಬಿಟ್ಟದ್ದು ಮೇ 14ರಂದು.

ಆ ದಂಡಯಾತ್ರೆಯ ಅತಿ ಭೀಕರ ರಣರಂಗವೆಂದರೆ ಮೂರನೆಯ ಘಟಕದ ಛಾವಣಿ. ಮಹಾಚಿಮಣಿಯ ಸುತ್ತ ಬಿದ್ದಿದ್ದ ಗ್ರಾಫೈಟ್ ಮತ್ತು ಇಂಧನದ ಚೂರುಗಳನ್ನು ಮತ್ತೆ ನಾಲ್ಕನೆಯ ಘಟಕದ ಕುಳಿಗೆ ತಳ್ಳದ ಹೊರತು ಅದರ ಮೇಲೆ ಮುಚ್ಚಿಗೆ ಕಟ್ಟುವಂತಿರಲಿಲ್ಲ. ಛಾವಣಿಯ ಭಾಗಗಳಿಗೆ ಕಾತ್ಯಾ, ನೀನಾ, ಮಾಷಾ ಎಂದು ಹೆಣ್ಣುಮಕ್ಕಳ ಹೆಸರನ್ನಿಟ್ಟಿದ್ದರು. ಅವುಗಳಲ್ಲಿ ಮಾಷಾ ಮಹಾಮಾರಿ. ಚಂದ್ರನ ಮೇಲೆ ಓಡಿದ ಬಂಡಿಗಳ ವಂಶದ ಸೋವಿಯತ್ ಯಂತ್ರವೂ, ಪಶ್ಚಿಮ ಜರ್ಮನಿಯಿಂದ ತರಿಸಿದ ಯಂತ್ರವೂ ಅಲ್ಲಿ ಹೆಚ್ಚು ಕಾಲ ಬಾಳಲಿಲ್ಲ. ವಿಕಿರಣಕ್ಕೆ ಅವುಗಳ ವಿದ್ಯುನ್ಮಂಡಲಗಳು ಕೆಟ್ಟವು, ಅವಶೇಷಗಳಿಗೆ ಗಾಲಿಗಳು ಸಿಕ್ಕಿಕೊಂಡವು. ಆಗ ಮನುಷ್ಯರನ್ನೇ ಹತ್ತಿಸುವ ತೀರ್ಮಾನವಾಯಿತು. ಅವರನ್ನು 'ಜೈವಿಕ ರೋಬೋಟ್'ಗಳೆಂದು ಕರೆಯಲಾಯಿತು. ಜನರಲ್ ನಿಕೊಲಾಯ್ ತರಕಾನೊವ್‌ನ ಅಧೀನದಲ್ಲಿ ಸೆಪ್ಟೆಂಬರ್ ತಿಂಗಳಲ್ಲಿ ಮೂರು ಸಾವಿರಕ್ಕೂ ಮಿಕ್ಕ ಯೋಧರು ಸರದಿಯ ಮೇಲೆ ಏರಿದರು. ಸೀಸದ ಹಾಳೆಗಳನ್ನು ಕತ್ತರಿಸಿ ಎದೆಗೆ, ಬೆನ್ನಿಗೆ, ತೊಡೆಸಂದಿಗೆ ಕಟ್ಟಿಕೊಂಡರು. ಸೈರನ್ ಕೂಗಿದೊಡನೆ ಮೇಲೆ ಓಡುವುದು, ಸಲಿಕೆಯಿಂದ ಒಂದೆರಡು ಬಾರಿ ಎತ್ತಿ ಅಂಚಿನಾಚೆ ಎಸೆಯುವುದು, ಮತ್ತೆ ಸೈರನ್ ಕೂಗಿದೊಡನೆ ಇಳಿದು ಬರುವುದು. ಕೆಲವರಿಗೆ ನಲವತ್ತು ಸೆಕೆಂಡು, ಕೆಲವರಿಗೆ ಎರಡು ಮೂರು ನಿಮಿಷ. ಬಾಯಲ್ಲಿ ಸೀಸದ ರುಚಿ, ಹಲ್ಲುಗಳ ಸ್ಪರ್ಶವೇ ತಿಳಿಯದಂಥ ಮರಗಟ್ಟುವಿಕೆ ಆಯಿತೆಂದು ಅನೇಕರು ಆಮೇಲೆ ನೆನೆದಿದ್ದಾರೆ. ಅಕ್ಟೋಬರ್ ಮೊದಲ ದಿನಗಳಲ್ಲಿ ಮೂವರು ಚಿಮಣಿಯನ್ನೇರಿ ಕೆಂಪು ಬಾವುಟ ಕಟ್ಟಿದರು. ನವೆಂಬರ್ ಕೊನೆಗೆ ಉಕ್ಕು ಮತ್ತು ಕಾಂಕ್ರೀಟಿನ ಮುಚ್ಚಿಗೆ, ಅಂದರೆ 'ಸಾರ್ಕೊಫೇಗಸ್', ಪೂರ್ಣವಾಯಿತು. ನಿಷ್ಪಕ್ಷಪಾತವಾಗಿ ಹೇಳುವುದಾದರೆ, ಇಷ್ಟು ಅಲ್ಪಕಾಲದಲ್ಲಿ ಇಂಥ ಕಾರ್ಯವನ್ನು ಸಾಧಿಸಬಲ್ಲ ರಾಜ್ಯಗಳು ಭೂಮಿಯ ಮೇಲೆ ಆಗ ಒಂದೆರಡೇ ಇದ್ದವು. ತ್ಯಾಗವನ್ನು ಕೇಳುವ ವಿದ್ಯೆಯಲ್ಲಿ ಆ ಸಾಮ್ರಾಜ್ಯ ಪಾರಂಗತವಾಗಿತ್ತು. ಕೇಳಿ ಪಡೆದದ್ದರ ಲೆಕ್ಕ ಬರೆಯುವ ವಿದ್ಯೆ ಅದಕ್ಕೆ ಬರಲಿಲ್ಲ.

ಓದುಗರು ಇಲ್ಲಿ ತುಸು ನಿಂತು ನೋಡಬೇಕು, ಏಕೆಂದರೆ ಮುಂದಿನ ಮೂವತ್ತು ವರ್ಷಗಳ ಸಮಸ್ತ ಸಂಕಟವೂ ಒಂದು ಲೆಕ್ಕದ ಪುಸ್ತಕದಲ್ಲಿ ಹುದುಗಿದೆ. ಭೂಮಿಯ ಮೇಲಿನ ಸಾಧಾರಣ ಮನುಷ್ಯನಿಗೆ ಪ್ರಕೃತಿಯಿಂದ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ತಗಲುತ್ತದೆ. 1986ರಲ್ಲಿ ಲಿಕ್ವಿಡೇಟರ್ ಒಬ್ಬನಿಗೆ ವಿಧಿಸಿದ್ದ ಗರಿಷ್ಠ ಮಿತಿ 250. ಅಂದರೆ ನೂರು ವರ್ಷಗಳ ಪಾಲು ಕೆಲವೇ ವಾರಗಳಲ್ಲಿ, ಕೆಲವೊಮ್ಮೆ ಕೆಲವೇ ನಿಮಿಷಗಳಲ್ಲಿ. 1987ರಲ್ಲಿ ಮಿತಿಯನ್ನು 100ಕ್ಕೂ, ಮರುವರ್ಷ 50ಕ್ಕೂ ಇಳಿಸಿದರು. ಮಿತಿ ಮುಟ್ಟಿದವನನ್ನು ಮನೆಗೆ ಕಳಿಸಬೇಕು ಎಂಬುದು ನಿಯಮ. ಆದರೆ ಅಳೆಯುವವರು ಯಾರು? ವೈಯಕ್ತಿಕ ಮಾಪಕಗಳು ಎಲ್ಲರಿಗೂ ಇರಲಿಲ್ಲ. ಹಲವೆಡೆ ಒಂದು ತಂಡಕ್ಕೆ ಒಂದೇ ಮಾಪಕ. ಅದು ತೋರಿಸಿದ ಅಂಕಿಯನ್ನೇ ತಂಡದ ಎಲ್ಲರ ಹೆಸರಿನ ಮುಂದೆ ಬರೆದರು. ಇನ್ನು ಹಲವೆಡೆ ಅದೂ ಇಲ್ಲ. ಹೋಗಬೇಕಾದ ಜಾಗ, ನಿಲ್ಲಬೇಕಾದ ಹೊತ್ತು ಇವೆರಡನ್ನೂ ಗುಣಿಸಿ, ಕೆಲಸಕ್ಕೆ ಇಳಿಯುವ ಮೊದಲೇ ಅಂಕಿ ಸಿದ್ಧವಾಗುತ್ತಿತ್ತು. ಮಿತಿ ದಾಟಿಸಿದ ಅಧಿಕಾರಿಗೆ ಶಿಕ್ಷೆಯ ಭಯ, ಮಿತಿ ಮುಟ್ಟಿದ ಆಳಿನ ಬದಲಿಗೆ ಹೊಸಬನನ್ನು ತರುವ ಕಷ್ಟ. ಹೀಗಾಗಿ ಮಿತಿಗೆ ಕೂದಲೆಳೆಯಷ್ಟು ಕಡಿಮೆಯಿರುವ ಅಂಕಿಗಳು ಸೈನ್ಯದ ದಫ್ತರುಗಳಲ್ಲಿ ಅಸಹಜವೆನಿಸುವಷ್ಟು ತುಂಬಿಕೊಂಡವು. ಹಲವರ ಹೆಸರಿನ ಮುಂದೆ ಅಂಕಿಯೇ ಇಲ್ಲ. ವಿಶ್ವಸಂಸ್ಥೆಯ ವಿಕಿರಣ ಸಮಿತಿ ಬಳಿಕ ದಾಖಲೆಗಳನ್ನು ಕಲೆಹಾಕಿ, ಸುಮಾರು 5,30,000 ಮಂದಿಯ ಸರಾಸರಿಯನ್ನು 120 ಮಿಲಿಸೀವರ್ಟ್ ಎಂದು ಅಂದಾಜಿಸಿತು. ಸರಾಸರಿಯಿಂದ ಚರಿತ್ರೆ ಬರೆಯಬಹುದು. ರೋಗಿಯೊಬ್ಬ ತನ್ನ ಪಿಂಚಣಿಯನ್ನು ಸಾಧಿಸಲಾರ.

ಮನೆಗೆ ಮರಳಿದವರಲ್ಲಿ ತಲೆನೋವು, ತಲೆಸುತ್ತು, ಎದೆಬಡಿತ, ನಿದ್ರಾಹೀನತೆ, ಮೆಟ್ಟಿಲು ಹತ್ತಲಾರದ ನಿಶ್ಶಕ್ತಿ ಕಾಣಿಸಿಕೊಂಡವು. 1986ರ ಬೇಸಿಗೆಯಲ್ಲೇ ಸೋವಿಯತ್ ಆರೋಗ್ಯ ಇಲಾಖೆ ಅವರ ಚಿಕಿತ್ಸೆಯ ವಿವರಗಳನ್ನು ರಹಸ್ಯವೆಂದು ಸಾರಿಯಾಗಿತ್ತು. ಆದ್ದರಿಂದ ವೈದ್ಯರ ಲೇಖನಿಯಿಂದ ಬಂದದ್ದು ಒಂದೇ ಮಂತ್ರ: 'ವೆಜಿಟೋವ್ಯಾಸ್ಕುಲರ್ ಡಿಸ್ಟೋನಿಯಾ', ಅಂದರೆ ನರಗಳ ಹಾಗೂ ರಕ್ತನಾಳಗಳ ಅಸ್ವಸ್ಥತೆ. ರಕ್ತದೊತ್ತಡಕ್ಕೂ ಅದೇ, ಸುಸ್ತಿಗೂ ಅದೇ. ಮೇಲೆ ಇನ್ನೊಂದು ಅಪವಾದವೂ ಹುಟ್ಟಿಕೊಂಡಿತು, 'ರೇಡಿಯೋಫೋಬಿಯಾ'. ರೋಗವಿರುವುದು ದೇಹದಲ್ಲಲ್ಲ, ಭಯದಲ್ಲಿ ಎಂದು. ಭಯವೇ ಇರಲಿಲ್ಲವೆಂದು ನಾನೂ ಹೇಳಲಾರೆ. ಕಣ್ಣಿಗೆ ಕಾಣದ ಶತ್ರುವಿನೊಡನೆ ಹೋರಾಡಿ ಬಂದವನಿಗೆ ಪ್ರತಿ ಕೆಮ್ಮಿನಲ್ಲೂ ಆ ಶತ್ರುವಿನ ಹೆಜ್ಜೆಸಪ್ಪಳ ಕೇಳುವುದು ಸಹಜ. ಭಯವನ್ನು ಹುಟ್ಟಿಸಿದ ಮೌನ ಯಾರದು ಎಂದು ಕೇಳುವ ಧೈರ್ಯ ಮಾತ್ರ ಆ ವೈದ್ಯಶಾಸ್ತ್ರಕ್ಕೆ ಇರಲಿಲ್ಲ. ಸೇನಾನಿಗಳೂ ಈ ವಿಧಿಗೆ ಹೊರತಾಗಲಿಲ್ಲ. ವಿಯೆನ್ನಾದಲ್ಲಿ 1986ರ ಆಗಸ್ಟಿನಲ್ಲಿ ಜಗತ್ತಿನ ವಿಜ್ಞಾನಿಗಳೆದುರು ಐದು ಗಂಟೆಗಳ ಕಾಲ ಸ್ಥಾವರದ ಕಥೆ ಬಿಚ್ಚಿಟ್ಟ ಲೆಗಾಸೊವ್, ಅನಾರೋಗ್ಯದಿಂದಲೂ ಸಹೋದ್ಯೋಗಿಗಳ ತಿರಸ್ಕಾರದಿಂದಲೂ ಜರ್ಜರಿತನಾಗಿ, 1988ರ ಏಪ್ರಿಲ್‌ನಲ್ಲಿ, ದುರಂತದ ಎರಡನೆಯ ವಾರ್ಷಿಕ ದಿನದ ಮಗ್ಗುಲಲ್ಲೇ ಆತ್ಮಹತ್ಯೆ ಮಾಡಿಕೊಂಡ. ಷೆರ್ಬಿನಾ 1990ರಲ್ಲಿ ತೀರಿಕೊಂಡ. ರಿಯಾಕ್ಟರಿನ ಮೇಲೆ ಭಾರ ಹೊತ್ತು ಹಾರಿದ ಪೈಲಟ್ ಅನತೋಲಿ ಗ್ರಿಷ್ಚೆಂಕೊಗೆ ರಕ್ತದ ಕ್ಯಾನ್ಸರ್ ತಗಲಿ, ಶೀತಲ ಸಮರದ ಗಡಿಯನ್ನು ದಾಟಿ ಅಮೆರಿಕದ ಸಿಯಾಟಲ್‌ನಲ್ಲಿ ಅಸ್ಥಿಮಜ್ಜೆ ಕಸಿ ನಡೆಯಿತು. 1990ರ ಜುಲೈನಲ್ಲಿ ಅಲ್ಲಿಯೇ ಕೊನೆಯುಸಿರೆಳೆದ. ತೆಲ್ಯಾತ್ನಿಕೊವ್ 2004ರವರೆಗೆ ಬದುಕಿ ಕ್ಯಾನ್ಸರಿಗೆ ಬಲಿಯಾದ. ಪುರಾಣಪ್ರಿಯರ ತಪ್ಪನ್ನೂ ತಿದ್ದಬೇಕು: ರಿಯಾಕ್ಟರಿನ ಅಡಿಯ ನೀರನ್ನು ಹೊರಬಿಡಲು ಕತ್ತಲ ಹಾದಿಯಲ್ಲಿ ಇಳಿದ ಮೂವರು ಕೆಲವೇ ದಿನಗಳಲ್ಲಿ ಸತ್ತರೆಂದು ಲೋಕವೆಲ್ಲ ನಂಬಿದೆ; ವಾಸ್ತವದಲ್ಲಿ ಮೂವರೂ ಅನೇಕ ವರ್ಷಗಳ ಕಾಲ ಬದುಕಿದರು. ವೀರರನ್ನು ಬೇಗ ಸಾಯಿಸಿಬಿಟ್ಟರೆ ಅವರ ಮುಪ್ಪಿನ ಔಷಧದ ಖರ್ಚು ಕೇಳುವವರಿರುವುದಿಲ್ಲ. ದಂತಕಥೆಗಳಿಗೆ ಈ ಅನುಕೂಲವೂ ಉಂಟು.

ಅಷ್ಟರಲ್ಲಿ ಸಿಂಹಾಸನವೇ ಅಲುಗಿತು. ಒಕ್ಕೂಟದ ಪತನಕ್ಕೆ ತನ್ನ ಸುಧಾರಣೆಗಳಿಗಿಂತಲೂ ಚೆರ್ನೋಬಿಲ್ಲೇ ಬಹುಶಃ ನಿಜವಾದ ಕಾರಣವೆಂದು ಗೋರ್ಬಚೆವ್ 2006ರಲ್ಲಿ ಬರೆದರು. ರಾಜ್ಯ ಕಳೆದುಕೊಂಡವನ ಆತ್ಮಸಮರ್ಥನೆ ಅದರಲ್ಲಿ ಸ್ವಲ್ಪ ಬೆರೆತಿದ್ದರೂ ಆ ಮಾತನ್ನು ತಳ್ಳಿಹಾಕುವಂತಿಲ್ಲ. 1991ರ ಆರಂಭದ ತಿಂಗಳುಗಳಲ್ಲಿ ಉಕ್ರೇನ್ ಮತ್ತು ರಷ್ಯಾ ಲಿಕ್ವಿಡೇಟರ್‌ಗಳಿಗೆ ಪಿಂಚಣಿ, ಔಷಧ, ವಸತಿ, ಆರೋಗ್ಯಧಾಮಗಳ ವಾಸ ಮೊದಲಾದ ಹಕ್ಕುಗಳನ್ನು ಕಾನೂನಿನ ಮೂಲಕ ಧಾರಾಳವಾಗಿ ದಯಪಾಲಿಸಿದವು. ಡಿಸೆಂಬರ್‌ನಲ್ಲಿ ಸಾಮ್ರಾಜ್ಯವೇ ಇಲ್ಲವಾಯಿತು. ದಂಡಿಗೆ ಕರೆದ ದೊರೆ ಇಲ್ಲ, ದಂಡಿನವರು ಹದಿನೈದು ದೇಶಗಳಲ್ಲಿ ಚದುರಿಹೋಗಿದ್ದಾರೆ. ಹಣದುಬ್ಬರದ ಪ್ರವಾಹದಲ್ಲಿ ಪಿಂಚಣಿ ಚಿಲ್ಲರೆಯಾಯಿತು. ಪುಟ್ಟ ಎಸ್ಟೋನಿಯಾದಿಂದ ಹೋಗಿದ್ದ 4,800ಕ್ಕೂ ಮಿಕ್ಕ ಗಂಡಸರನ್ನು ಅಲ್ಲಿನ ಸಂಶೋಧಕರು ವರ್ಷಾನುವರ್ಷ ಹಿಂಬಾಲಿಸಿ ನೋಡಿದಾಗ, ನಿಚ್ಚಳವಾಗಿ ಎದ್ದು ಕಂಡದ್ದು ಆತ್ಮಹತ್ಯೆಯ ಹೆಚ್ಚಳ. ನಾವು ವೀರಗಲ್ಲುಗಳ ನಾಡಿನವರು. ತುರುಗಳನ್ನು ಬಿಡಿಸಲು ಹೋಗಿ ಮಡಿದವನ ಹೆಸರನ್ನು ಕಲ್ಲಿನಲ್ಲಿ ಕಡೆಯಿಸಿ, ಅವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿ ಬಿಡುವುದು ನಮ್ಮ ಪೂರ್ವಿಕರ ರಾಜಧರ್ಮವಾಗಿತ್ತು. ಗಂಗರು ಹೋಗಿ ರಾಷ್ಟ್ರಕೂಟರು, ರಾಷ್ಟ್ರಕೂಟರು ಹೋಗಿ ಚಾಲುಕ್ಯರು ಬಂದರೂ ಆ ಸಂಪ್ರದಾಯ ನಿಲ್ಲಲಿಲ್ಲ. ಸೋವಿಯತ್ ಯೋಧನಿಗೆ ಸಿಕ್ಕಿದ್ದು ಒಂದು ಪದಕ. ಅದರ ನಡುವೆ ರಕ್ತದ ಹನಿ, ಹನಿಯನ್ನು ಹಾದುಹೋಗುವ ಆಲ್ಫಾ, ಬೀಟಾ, ಗಾಮಾ ಕಿರಣಗಳ ಗೆರೆಗಳು. ಆ ಪದಕವನ್ನು ರೂಪಿಸಿದವನಿಗೆ ತಿಳಿದಿದ್ದ ಸತ್ಯಕ್ಕೇ ಪಿಂಚಣಿಯ ಕಚೇರಿ ರುಜುವಾತು ಕೇಳುತ್ತಿತ್ತು.

ವಿಜ್ಞಾನ ಮಂದಗಮನದಿಂದ ಬಂತು, ಆದರೆ ಬಂತು. 1,10,645 ಉಕ್ರೇನಿ ಲಿಕ್ವಿಡೇಟರ್‌ಗಳನ್ನು ಕುರಿತು ಉಕ್ರೇನ್ ಮತ್ತು ಅಮೆರಿಕದ ವಿಜ್ಞಾನಿಗಳು ಎರಡು ದಶಕಗಳ ದಾಖಲೆಗಳನ್ನು ಸೋಸಿದಾಗ 137 ರಕ್ತದ ಕ್ಯಾನ್ಸರುಗಳು ದೊರೆತವು. ಅವುಗಳಲ್ಲಿ ನೂರಕ್ಕೆ ಸುಮಾರು ಹದಿನಾರು ಪಾಲು ವಿಕಿರಣದ ಕೊಡುಗೆಯೆಂದು ನಿರ್ಣಯವಾಯಿತು. ವಿಕಿರಣಕ್ಕೂ ತನಗೂ ಸಂಬಂಧವಿಲ್ಲವೆಂದು ಪಠ್ಯಪುಸ್ತಕಗಳು ಬಿಟ್ಟುಬಿಟ್ಟಿದ್ದ ಒಂದು ಬಗೆಯ ಲ್ಯುಕೇಮಿಯಾ ಕೂಡ ಈ ಪಟ್ಟಿಗೆ ಸೇರಿತು. 8,607 ಮಂದಿಯ ಕಣ್ಣುಗಳನ್ನು ಪರೀಕ್ಷಿಸಿದ ಇನ್ನೊಂದು ಅಧ್ಯಯನ, ಸುರಕ್ಷಿತವೆಂದು ಬಗೆದಿದ್ದ ಪ್ರಮಾಣದಲ್ಲೂ ಕಣ್ಣಿನ ಪೊರೆ ಬರುತ್ತದೆಂದು ತೋರಿಸಿತು. ಇಂಥ ಸಾಕ್ಷ್ಯಗಳ ಬಲದಿಂದಲೇ ಅಂತಾರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ 2011ರಲ್ಲಿ ಕಣ್ಣಿನ ಮಸೂರಕ್ಕೆ ವರ್ಷಕ್ಕೆ 150 ಮಿಲಿಸೀವರ್ಟ್ ಇದ್ದ ಮಿತಿಯನ್ನು ಸರಾಸರಿ 20ಕ್ಕೆ ಇಳಿಸಿತು. ಇಂದು ನಮ್ಮ ಬೆಂಗಳೂರಿನ ಹೃದ್ರೋಗ ಆಸ್ಪತ್ರೆಯಲ್ಲಿ ಎಕ್ಸ್-ರೇ ಕಿರಣಗಳ ಎದುರು ನಿಂತು ಸ್ಟೆಂಟ್ ಹಾಕುವ ವೈದ್ಯನು ಸೀಸದ ಕನ್ನಡಕ ಧರಿಸಿದರೆ, ಅದರ ಹಿಂದೆ ಆ ಪಾರ್ಟಿಸಾನ್‌ಗಳ ಮಬ್ಬಾದ ಕಣ್ಣುಗಳೂ ಇವೆ. ಹೃದಯ ಮತ್ತು ಮಿದುಳಿನ ರಕ್ತನಾಳಗಳ ರೋಗದ ವಿಷಯದಲ್ಲಿ ರಷ್ಯಾದ ನೋಂದಣಿ ಆಧರಿಸಿದ ಅಧ್ಯಯನಗಳು ಸಂಬಂಧವನ್ನು ಸೂಚಿಸಿವೆ, ಆದರೆ ಹೊಗೆಸೊಪ್ಪು, ವೋಡ್ಕಾ, ಬಡತನಗಳನ್ನು ವಿಕಿರಣದಿಂದ ಪ್ರತ್ಯೇಕಿಸುವುದು ದುಸ್ಸಾಧ್ಯವಾಗಿದೆ. ಒಂದು ಸಾಂತ್ವನವೂ ದೊರೆಯಿತು: ಲಿಕ್ವಿಡೇಟರ್‌ಗಳಿಗೂ ಸ್ಥಳಾಂತರಗೊಂಡವರಿಗೂ ಆಮೇಲೆ ಹುಟ್ಟಿದ 130 ಮಕ್ಕಳ ವಂಶವಾಹಿಗಳಲ್ಲಿ ಹೊಸ ವಿಕೃತಿಗಳ ಹೆಚ್ಚಳ ಕಾಣಲಿಲ್ಲವೆಂದು 2021ರಲ್ಲಿ ಪ್ರಕಟವಾಯಿತು. ಎಷ್ಟೋ ತಂದೆಯರು ಮೂವತ್ತೈದು ವರ್ಷ ಎದೆಯಲ್ಲಿಟ್ಟುಕೊಂಡಿದ್ದ ಶಂಕೆ ಅದು. ಒಟ್ಟು ಎಷ್ಟು ಮಂದಿ ವಿಕಿರಣದಿಂದ ಸತ್ತರು ಎಂಬ ಪ್ರಶ್ನೆಗೆ ಕೆಲವರು ಹಿಡಿಯಷ್ಟೆಂದೂ ಕೆಲವರು ಲಕ್ಷಗಳೆಂದೂ ಹೇಳುತ್ತ ಬಂದಿದ್ದಾರೆ. ನನ್ನ ತೀರ್ಪು ಬೇರೆ: ಮಾಪಕವಿಲ್ಲದೆ ಬರೆದ ಅಂಕಿಗಳ ಮೇಲೆ ಎದ್ದ ಈ ವಿವಾದವನ್ನು ಯಾವ ಪಂಡಿತನೂ ತೀರಿಸಲಾರ, ಮತ್ತು ಅದಕ್ಕೆ ಕಾರಣ ಪಂಡಿತರಲ್ಲ.

ಆ ಸ್ಫೋಟದ ನೆರಳು ನಮ್ಮ ಸಹ್ಯಾದ್ರಿಯ ಮೇಲೂ ಬಿದ್ದಿತ್ತು. ಉತ್ತರ ಕನ್ನಡದ ಕೈಗಾದಲ್ಲಿ ಅಣುಸ್ಥಾವರ ಬೇಡವೆಂದು ಹೋರಾಡಿದ ಕೋಟ ಶಿವರಾಮ ಕಾರಂತರು, 1989ರಲ್ಲಿ, ಎಂಬತ್ತೇಳರ ಇಳಿವಯಸ್ಸಿನಲ್ಲಿ, ಲೋಕಸಭಾ ಚುನಾವಣೆಗೇ ನಿಂತರು. ಸೋತರು. 1994ರಲ್ಲಿ ಕಟ್ಟುತ್ತಿದ್ದ ಗುಮ್ಮಟದ ಕಾಂಕ್ರೀಟು ಕಳಚಿ ಬಿತ್ತು, ಮತ್ತೆ ಕಟ್ಟಿದರು; 2000ದಲ್ಲಿ ವಿದ್ಯುತ್ ಹರಿಯಿತು. ಸ್ಥಾವರ ಬೇಕೋ ಬೇಡವೋ ಎಂಬ ಆ ಹಳೆಯ ವಾದದ ಇತ್ಯರ್ಥ ಈ ಕಥನದ ಕೆಲಸವಲ್ಲ.

ಈ ಕಥನ ಮರಳಬೇಕಾದದ್ದು ಸಾಯದೆ ಮನೆಗೆ ಬಂದವರ ಬಳಿಗೆ. ದೊನ್ ನದೀಪ್ರಾಂತದ ಶಾಖ್ತಿ ಎಂಬ ಗಣಿಯ ಊರಿನ ಒಬ್ಬನನ್ನು 1986ರ ಅಕ್ಟೋಬರ್ 1ರಂದು ಸೈನ್ಯಾಧಿಕಾರಿಗಳು ಚೆರ್ನೋಬಿಲ್‌ಗೆ ಕರೆಸಿಕೊಂಡಿದ್ದರು. ಜನವರಿಯವರೆಗೆ ಆತ ಅಲ್ಲಿ ದುಡಿದ. 1991ರಲ್ಲಿ ತಜ್ಞರು ಅವನ ಅನಾರೋಗ್ಯಕ್ಕೂ ಆ ದುಡಿಮೆಗೂ ಸಂಬಂಧವಿದೆಯೆಂದು ಒಪ್ಪಿದರು, ಪರಿಹಾರ ಮಂಜೂರಾಯಿತು, ಹಣ ಬರಲಿಲ್ಲ. 1997ರಲ್ಲಿ ಊರಿನ ನ್ಯಾಯಾಲಯದಲ್ಲಿ ದಾವೆ ಹೂಡಿ ಗೆದ್ದ, ಹಣ ಬರಲಿಲ್ಲ. ಪರಿಹಾರ ಕೊಡಬೇಕಾದ ಇಲಾಖೆಯ ಬಳಿ ಹಣವಿಲ್ಲದ್ದರಿಂದ ತೀರ್ಪನ್ನು ಜಾರಿಗೊಳಿಸಲಾಗದು ಎಂದು ಅಮೀನರು ಬರೆದುಕೊಟ್ಟರು. ಆತ ಸ್ಟ್ರಾಸ್‌ಬರ್ಗ್‌ನ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯದ ಬಾಗಿಲು ತಟ್ಟಿದ. 2002ರ ಮೇ 7ರಂದು, ಖಜಾನೆ ಬರಿದಾಗಿದೆ ಎಂಬ ನೆಪವೊಡ್ಡಿ ಯಾವ ರಾಜ್ಯವೂ ನ್ಯಾಯಾಲಯ ವಿಧಿಸಿದ ಋಣದಿಂದ ತಪ್ಪಿಸಿಕೊಳ್ಳಕೂಡದು ಎಂದು ಆ ನ್ಯಾಯಾಲಯ ಸಾರಿತು. ರಷ್ಯಾದ ವಿರುದ್ಧ ಅದು ಕೊಟ್ಟ ಮೊತ್ತಮೊದಲ ತೀರ್ಪು ಅದು. ಆದರೂ ಅದೇ ಮನುಷ್ಯ ಅದೇ ನ್ಯಾಯಾಲಯಕ್ಕೆ ಮರಳಬೇಕಾಯಿತು, 2009ರ ಜನವರಿಯಲ್ಲಿ ಎರಡನೆಯ ಸಲ ಗೆಲ್ಲಬೇಕಾಯಿತು; ಅಂಥದೇ ದೂರುಗಳು ಅಷ್ಟರಲ್ಲಿ ರಾಶಿಬಿದ್ದಿದ್ದರಿಂದ, ವಿಳಂಬಕ್ಕೆ ಪರಿಹಾರ ಕೊಡುವ ಕಾನೂನನ್ನು 2010ರಲ್ಲಿ ರಷ್ಯಾ ಮಾಡಲೇಬೇಕಾಯಿತು. 2022ರ ಫೆಬ್ರವರಿಯಲ್ಲಿ ರಷ್ಯಾದ ಸೈನ್ಯ ಉಕ್ರೇನಿನೊಳಗೆ ನುಗ್ಗಿ ಮೊದಲ ದಿನವೇ ಚೆರ್ನೋಬಿಲ್ ಸ್ಥಾವರವನ್ನು ವಶಪಡಿಸಿಕೊಂಡಿತು, ಐದು ವಾರಗಳ ನಂತರ ಬಿಟ್ಟು ಹೋಯಿತು. ಒಂದೇ ಛಾವಣಿಯ ಮೇಲೆ ಒಂದೇ ಸಲಿಕೆ ಹಿಡಿದಿದ್ದವರ ಮೊಮ್ಮಕ್ಕಳು ಇಂದು ಎದುರುಬದುರು ಕಂದಕಗಳಲ್ಲಿದ್ದಾರೆ. ಅದೇ ವರ್ಷದ ಸೆಪ್ಟೆಂಬರ್ 16ರಂದು ರಷ್ಯಾ ಸ್ಟ್ರಾಸ್‌ಬರ್ಗ್ ನ್ಯಾಯಾಲಯದ ವ್ಯಾಪ್ತಿಯಿಂದ ಹೊರಗಾಯಿತು.